ಆ ಬಣ್ಣದ ರಿಬ್ಬನ್ ಚಿತ್ರ ನಿಜವಾ, ಕಂಪ್ಯೂಟರ್ ಕಟ್ಟಿದ್ದಾ?

ತುಮಕೂರು ಕಡೆಯ ಕಾಲೇಜುಗಳಲ್ಲಿ ಮಾತಾಡಿ ಬಂದಾಗಲೆಲ್ಲ ನಾಲ್ಕೈದು ಪ್ರಶ್ನೆಗಳು ಬೆನ್ನು ಬಿಡುವುದಿಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆದು ಸಾಕಾಗಿದೆ. ಒಟ್ಟಿಗೆ ಇಲ್ಲೇ ಉತ್ತರ ಕೊಡುತ್ತೇನೆ. ಜೀವಕೋಶ ಅಂದರೇನು, ಪ್ರೋಟೀನ್ ಅಂದರೇನು ಅಂತ ಹೇಳುತ್ತಾ ಕೂರಲ್ಲ, ಅದು ಪಿಯುಸಿ ಪುಸ್ತಕದಲ್ಲಿದೆ. ನನ್ನ ಕೆಲಸ ಜೀವಕೋಶದ ಪೊರೆಯಲ್ಲಿರುವ ಪ್ರೋಟೀನ್‌ಗಳ ಆಕಾರವನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಿಂದ ಕಂಡುಹಿಡಿಯುವುದು, ಇಷ್ಟು ಗೊತ್ತಿದ್ದರೆ ಸಾಕು.

ಮಧುಗಿರಿಯ ಬಿಎಸ್ಸಿ ವಿದ್ಯಾರ್ಥಿ: ನೀವು ತೋರಿಸುವ ಪ್ರೋಟೀನ್ ಚಿತ್ರ ನಿಜವಾದ ಫೋಟೋನಾ? ಲಕ್ಷ ಫೋಟೋ ಸೇರಿಸಿ ಕಂಪ್ಯೂಟರ್ ಮಾಡಿದ್ದು ಅಂದರೆ ಅದು ಕಲ್ಪನೆ ಅಲ್ವಾ?

ಇಲ್ಲಿ ಮೂರು ಬೇರೆ ಬೇರೆ ವಸ್ತುಗಳಿವೆ, ಜನ ಮೂರನ್ನೂ ಒಂದೇ ಅಂದುಕೊಳ್ಳುತ್ತಾರೆ. ಮೈಕ್ರೋಸ್ಕೋಪಿನಿಂದ ಸಿಗುವುದು ಫೋಟೋ. ಫೋಟೋಗಳಿಂದ ಲೆಕ್ಕ ಹಾಕಿ ಪಡೆಯುವುದು ಮ್ಯಾಪ್, ಅಂದರೆ ಪ್ರೋಟೀನ್ ಎಲ್ಲೆಲ್ಲಿ ಎಷ್ಟು ದಟ್ಟವಾಗಿದೆ ಅಂತ ತೋರಿಸುವ ಮೂರು ಆಯಾಮದ ನಕ್ಷೆ. ಆ ಮ್ಯಾಪಿನೊಳಗೆ ನಾವು ಕೂರಿಸುವುದು ಮಾಡೆಲ್, ಅಂದರೆ ಯಾವ ಪರಮಾಣು ಎಲ್ಲಿದೆ ಅನ್ನುವ ಜೋಡಣೆ. ನೀವು ನೋಡಿದ, ಪ್ರೋಟೀನಿನ ಸರಪಳಿಯನ್ನು ಪಟ್ಟಿಯ ಹಾಗೆ ತೋರಿಸುವ ರಿಬ್ಬನ್ ಚಿತ್ರ ಮಾಡೆಲ್ಲಿನದು, ಅದರ ಬಣ್ಣ ನಾವು ಹಾಕಿದ್ದು. ಹಾಗಂತ ಅದು ಕಲ್ಪನೆ ಅಲ್ಲ.

ಮೊದಲು ಪ್ರೋಟೀನನ್ನು ಕೊಬ್ಬಿನ ಪೊರೆಯಿಂದ ಬಿಡಿಸಬೇಕು. ಅದಕ್ಕೆ ಮೃದುವಾದ ಡಿಟರ್ಜೆಂಟ್ ಬೇಕು. ಒರಟಾದದ್ದು ಹಾಕಿದರೆ ಪ್ರೋಟೀನ್ ಆಕಾರ ಕೆಟ್ಟು ಮುದ್ದೆಯಾಗುತ್ತದೆ. ನಮ್ಮ ತಿಂಗಳುಗಳು ಕಳೆಯುವುದು ಜಾಸ್ತಿ ಇಲ್ಲೇ, ಮೈಕ್ರೋಸ್ಕೋಪಿನ ಮುಂದೆ ಅಲ್ಲ. ಆಮೇಲೆ 3 ಮಿಲಿಮೀಟರ್ ಅಗಲದ ಜಾಲರಿಯ ಮೇಲೆ ಒಂದು ಹನಿ ಹಾಕಿ, ಹೆಚ್ಚಾದ ನೀರನ್ನು ಕಾಗದದಿಂದ ಹೀರಿ, ತಕ್ಷಣ ತೀರಾ ತಣ್ಣಗಿನ ದ್ರವ ಈಥೇನಿನಲ್ಲಿ ಅದ್ದುತ್ತೇವೆ. ನೀರಿಗೆ ಹರಳುಗಟ್ಟಲು ಸಮಯವೇ ಸಿಗುವುದಿಲ್ಲ, ಪ್ರೋಟೀನ್ ಇದ್ದ ಹಾಗೆಯೇ ನಿಂತುಬಿಡುತ್ತದೆ. ಹೀಗೆ ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡುವುದಕ್ಕೇ ಕ್ರಯೋ-ಇಎಂ ಅನ್ನುತ್ತಾರೆ. ಹೆಪ್ಪುಗಟ್ಟಿಸುವ ಈ ದಾರಿ ತೋರಿಸಿದವರು ಜಾಕ್ ಡುಬೋಶೆ. 2017ರ ರಸಾಯನಶಾಸ್ತ್ರದ ನೊಬೆಲ್ ಅವರಿಗೆ, ಯೋಆಖಿಮ್ ಫ್ರಾಂಕ್ ಮತ್ತು ರಿಚರ್ಡ್ ಹೆಂಡರ್ಸನ್ ಜೊತೆ ಬಂತು.

ಈಗ ಫೋಟೋ. ಎಲೆಕ್ಟ್ರಾನ್ ಜಾಸ್ತಿ ಹರಿಸಿದರೆ ಪ್ರೋಟೀನ್ ಹಾಳಾಗುತ್ತದೆ, ಅದಕ್ಕೆ ತೀರಾ ಕಡಿಮೆ ಹರಿಸುತ್ತೇವೆ. ಹಾಗಾಗಿ ಒಂದೊಂದು ಪ್ರೋಟೀನಿನ ಚಿತ್ರವೂ ಬರೀ ಬೂದು ಚುಕ್ಕೆಗಳ ರಾಶಿ. ಆದರೆ ಒಂದೇ ಪ್ರೋಟೀನಿನ ಸಾವಿರಾರು ಪ್ರತಿಗಳು ಬೇರೆ ಬೇರೆ ಕಡೆಗೆ ಮುಖ ಮಾಡಿ ಅಲ್ಲಿರುತ್ತವೆ. ಸಿದ್ಧಗಂಗೆ ಜಾತ್ರೆಯ ತೇರಿನ ಗದ್ದಲದಲ್ಲಿ ಒಬ್ಬರ ಮಾತು ಕೇಳಿಸಲ್ಲ, ಎಲ್ಲರೂ ಒಂದೇ ಜಯಕಾರ ಕೂಗಿದರೆ ದೂರದವರೆಗೂ ಸ್ಪಷ್ಟವಾಗಿ ಕೇಳುತ್ತದೆ. ಚಿತ್ರಗಳನ್ನು ಸೇರಿಸಿದಾಗ ಆಗುವುದೂ ಇದೇ. ಎಲ್ಲದರಲ್ಲೂ ಸಮಾನವಾಗಿರುವುದು ಉಳಿಯುತ್ತದೆ, ಗದ್ದಲ ಒಂದನ್ನೊಂದು ಹೊಡೆದುಹಾಕುತ್ತದೆ.

ನಿಮ್ಮ ಅನುಮಾನಕ್ಕೆ ಆಧಾರ ಇದೆ, ಅದನ್ನು ನಾನು ತಳ್ಳಿಹಾಕಲ್ಲ. ಬರೀ ಗದ್ದಲದ ಸಾವಿರ ಚಿತ್ರ ಕೊಟ್ಟು, ಐನ್‌ಸ್ಟೈನ್ ಫೋಟೋ ತೋರಿಸಿ ಇದಕ್ಕೆ ಹೊಂದಿಸು ಅಂತ ಕಂಪ್ಯೂಟರಿಗೆ ಹೇಳಿದರೆ, ಕೊನೆಗೆ ಐನ್‌ಸ್ಟೈನ್ ಮುಖವೇ ಬರುತ್ತದೆ. 2013ರಲ್ಲಿ ಎಚ್‌ಐವಿ ವೈರಸ್ಸಿನ ಹೊರಮೈ ಪ್ರೋಟೀನಿನ ಒಂದು ರಚನೆ ಪ್ರಕಟವಾದಾಗ ಹೆಂಡರ್ಸನ್ ಈ ಉದಾಹರಣೆ ಕೊಟ್ಟೇ ಆಕ್ಷೇಪ ಎತ್ತಿದರು. ಅದಕ್ಕೇ ನಾವು ಚಿತ್ರಗಳನ್ನು ಮೊದಲೇ ಎರಡು ಪಾಲು ಮಾಡಿ, ಒಂದಕ್ಕೊಂದು ಸೋಂಕದ ಹಾಗೆ ಎರಡು ಮ್ಯಾಪ್ ಮಾಡುತ್ತೇವೆ. ಎರಡೂ ಎಷ್ಟು ಸೂಕ್ಷ್ಮದವರೆಗೆ ಒಪ್ಪುತ್ತವೋ ಅಷ್ಟನ್ನೇ ನಮ್ಮ ಸ್ಪಷ್ಟತೆ ಅಂತ ಹೇಳಿಕೊಳ್ಳಬಹುದು, ಅದಕ್ಕಿಂತ ಒಂದು ಕೂದಲೂ ಹೆಚ್ಚಿಲ್ಲ.

ಮೆಣಸಿನಕಾಯಿಯ ಖಾರ ನಮಗೆ ತಿಳಿಸುವ ಟಿಆರ್‌ಪಿವಿ1 ಅನ್ನುವ ಪೊರೆಯ ಪ್ರೋಟೀನನ್ನೇ ತಗೊಳ್ಳಿ. ಬಿಸಿಗೂ ಖಾರಕ್ಕೂ ಬಾಗಿಲು ತೆಗೆಯುವುದು ಇದೇ. ಹಳೆಯ ಎಕ್ಸ್-ರೇ ವಿಧಾನದ ಹಾಗೆ ಪ್ರೋಟೀನನ್ನು ಹರಳು ಮಾಡದೆಯೇ 2013ರಲ್ಲಿ ಡೇವಿಡ್ ಜೂಲಿಯಸ್ ಮತ್ತು ಯಿಫಾನ್ ಚೆಂಗ್ ತಂಡಗಳು ಇದರ ಆಕಾರವನ್ನು 3.4 ಆಂಗ್‌ಸ್ಟ್ರಾಮ್ ಸ್ಪಷ್ಟತೆಯಲ್ಲಿ ತೋರಿಸಿದವು. ಒಂದು ಆಂಗ್‌ಸ್ಟ್ರಾಮ್ ಅಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ. ಅದರ ಮೂಲ ಚಿತ್ರಗಳು ಎಂಪಿಯಾರ್ ಅನ್ನುವ ಸಂಗ್ರಹದಲ್ಲಿ ಉಚಿತವಾಗಿವೆ. ಅನುಮಾನ ಇದ್ದವರು ಇಳಿಸಿಕೊಂಡು ತಾವೇ ಲೆಕ್ಕ ಹಾಕಬಹುದು. ಕಲ್ಪನೆಗೆ ಯಾರೂ ಇಂಥ ಅವಕಾಶ ಕೊಡಲ್ಲ.

ಇಷ್ಟಾದರೂ ರಿಬ್ಬನ್ನಿನ ಎಲ್ಲ ಭಾಗವನ್ನೂ ಒಂದೇ ಸಮ ನಂಬಬೇಡಿ. ಅಲುಗಾಡುವ ತುದಿಗಳು ಮ್ಯಾಪಿನಲ್ಲಿ ಮಸುಕಾಗಿರುತ್ತವೆ. ಪ್ರೋಟೀನಿನ ನಡುವಿಗೆ ಸುತ್ತಿಕೊಂಡ ಡಿಟರ್ಜೆಂಟೂ ಮಬ್ಬಾಗಿಯೇ ಕಾಣುತ್ತದೆ. ಮ್ಯಾಪ್ ಮಸುಕಾದ ಕಡೆ ಮಾಡೆಲ್ ಮಾತ್ರ ಚೆಂದವಾಗಿದ್ದರೆ ನಾನು ಆ ಭಾಗದ ಬಗ್ಗೆ ಮಾತೇ ಆಡುವುದಿಲ್ಲ. ನನ್ನ ವಿದ್ಯಾರ್ಥಿಗಳಿಗೂ ಆಡಲು ಬಿಡುವುದಿಲ್ಲ. ಮ್ಯಾಪ್ ತೋರಿಸದೆ ರಿಬ್ಬನ್ ಮಾತ್ರ ತೋರಿಸುವವರನ್ನು ಮ್ಯಾಪ್ ಎಲ್ಲಿ ಅಂತ ಕೇಳಿ.

ತುಮಕೂರಿನಿಂದ: ಆಲ್ಫಾಫೋಲ್ಡ್ ಬಂದಾಯಿತಲ್ಲ, ಇನ್ನು ಮೈಕ್ರೋಸ್ಕೋಪ್ ಯಾಕೆ?

ಪ್ರೋಟೀನಿನ ಆಕಾರವನ್ನು ಕಂಪ್ಯೂಟರಿನಲ್ಲೇ ಊಹಿಸುವ ಎಐ ಪ್ರೋಗ್ರಾಂ ಈ ಆಲ್ಫಾಫೋಲ್ಡ್. ಅದು ದೊಡ್ಡ ಕೆಲಸ, 2024ರ ನೊಬೆಲ್ ಸುಮ್ನೆ ಬಂದಿಲ್ಲ. ಎಷ್ಟೋ ಸಲ ನಾವೂ ಅದರ ಮಾಡೆಲ್ಲನ್ನೇ ಮ್ಯಾಪಿನೊಳಗೆ ಇಟ್ಟು ಕೆಲಸ ಶುರು ಮಾಡುತ್ತೇವೆ. ಆದರೆ ಅದು ಕೊಡುವುದು ಊಹೆ. ಪೊರೆಯ ಪ್ರೋಟೀನ್ ಕೆಲಸ ಮಾಡುವಾಗ ತೆರೆಯುತ್ತದೆ, ಮುಚ್ಚುತ್ತದೆ, ತಿರುಚಿಕೊಳ್ಳುತ್ತದೆ. ಔಷಧಿ ಕೂತಾಗ ಅದು ಯಾವ ಭಂಗಿಯಲ್ಲಿದೆ ಅನ್ನುವುದನ್ನು ಪ್ರಯೋಗ ಮಾಡಿಯೇ ನೋಡಬೇಕು.

ಶಿರಾದಿಂದ: ನಮ್ಮೂರಿನ ಕ್ಯಾಂಪಿನಲ್ಲಿ ಕೈಗೆ ಕಡ್ಡಿ ಹಿಡಿಸಿ, "ಕ್ವಾಂಟಮ್ ಅನಲೈಸರ್, ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಷ್ಟೇ ನಿಖರ" ಅಂತ ರಿಪೋರ್ಟ್ ಕೊಟ್ಟರು. ನಿಮ್ಮ ಜೀವಕೋಶದ ಪೊರೆ ಹಾಳಾಗಿದೆ, ಈ ಪುಡಿ ತಗೊಳ್ಳಿ ಅಂದರು. ತಗೊಳ್ಳಲಾ?

ಬೇಡ. ಅದು ಮೋಸ. ಕಡ್ಡಿ ಹಿಡಿದ ಕೈಯಿಂದ ಯಾವ ಪೊರೆಯೂ ಕಾಣುವುದಿಲ್ಲ. ನಮ್ಮ ಮೈಕ್ರೋಸ್ಕೋಪಿನೊಳಗೆ ನಿರ್ವಾತ ಇರುತ್ತದೆ, ಅದರಲ್ಲಿ ಬದುಕಿರುವ ಮನುಷ್ಯನನ್ನು ಪರೀಕ್ಷೆ ಮಾಡಲು ಸಾಧ್ಯವೇ ಇಲ್ಲ. ಪುಡಿಯಲ್ಲಿ ಪ್ರೋಟೀನ್ ಇದ್ದರೂ ಹೊಟ್ಟೆಯಲ್ಲಿ ಅದು ಚೂರುಚೂರಾಗುತ್ತದೆ, ನೇರ ಹೋಗಿ ಪೊರೆಯಲ್ಲಿ ಕೂರುವುದಿಲ್ಲ. ಇಂಥವರ ಮಾತು ಕೇಳಿ ಸಕ್ಕರೆ, ಬಿಪಿ ಮಾತ್ರೆ ನಿಲ್ಲಿಸಿದವರನ್ನು ನೆನೆದರೆ ನನಗೆ ಸಿಟ್ಟು ತಡೆಯಲಾಗುವುದಿಲ್ಲ. ಮಾತ್ರೆ ನಿಲ್ಲಿಸಬೇಡಿ, ಸರ್ಕಾರಿ ಆಸ್ಪತ್ರೆಗೆ ಹೋಗಿ.

ಪಾವಗಡದಿಂದ: ಆರ್‌ಒ ಫಿಲ್ಟರಿನ ಮೆಂಬ್ರೇನಿನಲ್ಲೂ ಪ್ರೋಟೀನ್ ಇರುತ್ತಾ?

ಮಾಮೂಲಿ ಫಿಲ್ಟರಿನಲ್ಲಿ ಇರಲ್ಲ, ಅದು ಪ್ಲಾಸ್ಟಿಕ್ ಹಾಳೆ. ಫಿಲ್ಟರ್ ಬಿಟ್ಟು ನೀರು ಕುದಿಸಿದರೆ ಸಾಕು ಅಂದುಕೊಳ್ಳಬೇಡಿ, ಬೋರ್‌ವೆಲ್ ನೀರಿನ ಫ್ಲೋರೈಡ್ ಕುದಿಸಿದರೆ ಹೋಗಲ್ಲ, ನೀರು ಇಂಗಿದಷ್ಟೂ ಗಾಢವಾಗುತ್ತದೆ.

ಎಂಎಸ್ಸಿ ಓದುತ್ತಿರುವ ಹಲವರು: ಆನ್‌ಲೈನಿನಲ್ಲಿ ದುಡ್ಡು ಕಟ್ಟಿ ಕ್ರಯೋ-ಇಎಂ ಸರ್ಟಿಫಿಕೇಟ್ ತಗೊಂಡರೆ ಕೆಲಸ ಸಿಗುತ್ತಾ?

ದುಡ್ಡು ಕಟ್ಟಬೇಡಿ, ಆ ಕಾಗದವನ್ನು ನಾನಂತೂ ನೋಡುವುದೂ ಇಲ್ಲ. ಪ್ರೋಟೀನ್ ಶುದ್ಧ ಮಾಡುವುದನ್ನು ಚೆನ್ನಾಗಿ ಕಲಿಯಿರಿ. ಲಿನಕ್ಸ್, ಸ್ವಲ್ಪ ಪೈಥಾನ್ ಕಲಿಯಿರಿ. ಫೋಟೋಗಳಿಂದ ಮ್ಯಾಪ್ ಲೆಕ್ಕ ಹಾಕುವ ರೆಲಿಯಾನ್ ಸಾಫ್ಟ್‌ವೇರ್ ಉಚಿತ, ಚಿತ್ರಗಳು ಎಲ್ಲಿವೆ ಅಂತ ಮೇಲೆ ಹೇಳಿದ್ದೇನೆ. ಬೆಂಗಳೂರಿನ ಎನ್‌ಸಿಬಿಎಸ್ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ) ಆವರಣದಲ್ಲೇ ರಾಷ್ಟ್ರೀಯ ಕ್ರಯೋ-ಇಎಂ ಕೇಂದ್ರ ಇದೆ, ಅಲ್ಲಿನ ಪ್ರಕಟಣೆಗಳನ್ನು ಗಮನಿಸುತ್ತಿರಿ. ಮತ್ತೆ, ಯಾವ ಲ್ಯಾಬಿಗೆ ಸೇರಿದರೂ ಜಾಲರಿಗಳನ್ನು ತಣ್ಣಗಿಡಲು ಬಳಸುವ ದ್ರವ ಸಾರಜನಕವನ್ನು ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಿ ಸುರಿಯಬೇಡಿ. ಅದು ಆವಿಯಾದರೆ ಸುಮಾರು 700 ಪಟ್ಟು ಹಿಗ್ಗಿ ಆಮ್ಲಜನಕವನ್ನು ಹೊರಗೆ ದಬ್ಬುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ, ಉಸಿರು ಕಟ್ಟುತ್ತಿರುವುದು ಗೊತ್ತಾಗುವ ಮೊದಲೇ ಬಿದ್ದುಬಿಡುತ್ತೀರಿ. ಆಮ್ಲಜನಕದ ಅಲಾರಂ ಇಲ್ಲದ ಕೋಣೆಯಲ್ಲಿ ಕೆಲಸ ಮಾಡು ಅಂದರೆ, ಹೇಳಿದವರು ಎಷ್ಟೇ ದೊಡ್ಡವರಾಗಲಿ, ಮಾಡಲ್ಲ ಅನ್ನಿ.