ಪಿಸ್ತೂಲಿನ ಗುಂಡು ಮನೆಯಲ್ಲೇ ತಯಾರಿಸಬಹುದೇ?

ಪ್ರಶ್ನೆ: ಟೆಕ್ಸಾಸ್‌ನಲ್ಲಿದ್ದೇನೆ. ವಾರಕ್ಕೊಮ್ಮೆ ಶೂಟಿಂಗ್ ರೇಂಜಿಗೆ ಹೋಗಿ 9 ಎಂಎಂ ಪಿಸ್ತೂಲಿನಲ್ಲಿ ಅಭ್ಯಾಸ ಮಾಡುತ್ತೇನೆ. ಅಂಗಡಿಯಲ್ಲಿ ಗುಂಡು ಸಿಗದಿದ್ದಾಗ ಹೊಡೆದ ಗುಂಡುಗಳ ಖಾಲಿ ಕೇಸ್‌ಗಳಿಗೆ ಮನೆಯಲ್ಲೇ ಮದ್ದು ತುಂಬಿಕೊಂಡರೆ ಆಗುತ್ತಾ ಸರ್?

ಉತ್ತರ: ಆಗುತ್ತೆ. ಸ್ವಂತ ಬಳಕೆಗಾದರೆ ಅಮೆರಿಕದ ಫೆಡರಲ್ ಕಾನೂನು ಲೈಸೆನ್ಸ್ ಕೇಳುವುದಿಲ್ಲ. ಮಾರುವುದಾದರೆ ಬೇಕೇ ಬೇಕು. ಆದರೆ ಕೊರತೆ ಶುರುವಾದ ಮೇಲೆ ಪ್ರೆಸ್ (ಗುಂಡು ತಯಾರಿಸುವ ಯಂತ್ರ) ಕೊಳ್ಳಲು ಓಡಬೇಡಿ. 2020ರಲ್ಲಿ ನಾನು ಮಾಡಿದ್ದು ಅದೇ ತಪ್ಪು. ಹಿತ್ತಾಳೆ ಕೇಸ್‌ಗಳು ಬಕೆಟ್ ತುಂಬ ಇದ್ದವು, ಅವನ್ನು ಮತ್ತೆ ಮತ್ತೆ ಬಳಸಬಹುದು. ಮದ್ದಿಗೆ ಕಿಡಿ ಹಚ್ಚುವ ಪ್ರೈಮರ್ ಮಾತ್ರ ಒಂದೇ ಸಲಕ್ಕೆ. ಅಂಗಿ ಗುಂಡಿಗಿಂತ ಚಿಕ್ಕದಾದ ಆ ಪ್ರೈಮರ್ ನಮ್ಮೂರಿನ ಯಾವ ಅಂಗಡಿಯಲ್ಲೂ ಇರಲಿಲ್ಲ. ಪ್ರೆಸ್ ತಿಂಗಳುಗಟ್ಟಲೆ ಗ್ಯಾರೇಜಿನಲ್ಲಿ ಸುಮ್ನೆ ಕೂತಿತ್ತು.

9 ಎಂಎಂನಲ್ಲಿ ಉಳಿತಾಯವೂ ಅಷ್ಟಕ್ಕಷ್ಟೇ. ದೂರದ ಗುರಿಗೆ ರೈಫಲ್ ಹಿಡಿಯುವವರಿಗೆ ಲಾಭ ಜಾಸ್ತಿ.

ಇನ್ನೊಂದು ವಿಷಯ. ಒಮ್ಮೆ ಕೆಲಸದ ನಡುವೆ ಫೋನ್ ಬಂತು. ಮಾತಾಡಿ ಬಂದು ಟಾರ್ಚ್ ಹಾಕಿ ನೋಡಿದರೆ, ಒಂದು ಕೇಸ್‌ನಲ್ಲಿ ಮದ್ದು ಅಂಚಿನವರೆಗೂ ಇತ್ತು. ಎರಡು ಸಲ ಸುರಿದಿದ್ದೆ! ಹಾಗೇ ಹೊಡೆದಿದ್ದರೆ ಪಿಸ್ತೂಲು ಕೈಯಲ್ಲೇ ಸಿಡಿಯುತ್ತಿತ್ತೇನೋ. ಈಗ ಫೋನ್ ಒಳಗಿಟ್ಟು, ಬಾಗಿಲು ಹಾಕಿಕೊಂಡೇ ಕೂರುತ್ತೇನೆ.

ಸದ್ಯಕ್ಕೆ ನೀವು, ಗುಂಡು ಸಿಗುವ ಕಾಲದಲ್ಲೇ ತಿಂಗಳಿಗೊಂದು ಡಬ್ಬಿ ಹೆಚ್ಚಿಗೆ ತಂದು ಬೀಗ ಹಾಕಿಡಿ.