ಪದವಿ ಇದ್ದರೂ ತೀರ್ಥಹಳ್ಳಿಯ ನನಗೆ ವಿಧಾನ ಪರಿಷತ್ತಿಗೆ ಮತ ಹಾಕಲು ಏಕೆ ಆಗಲಿಲ್ಲ?

ಪದವೀಧರರ ಮತದಾರರ ಪಟ್ಟಿಯೇ ಬೇರೆ. ನೀವು ಅದಕ್ಕೆ ಹೆಸರು ಸೇರಿಸಿರಲಿಕ್ಕಿಲ್ಲ. ಈ ಪಟ್ಟಿ ಪ್ರತಿ ಚುನಾವಣೆಗೂ ಹೊಸದಾಗಿ ಸಿದ್ಧವಾಗುತ್ತದೆ. ಕಳೆದ ಸಲ ಮತ ಹಾಕಿದವರೂ ಮತ್ತೆ ನಮೂನೆ 18 ತುಂಬಿಕೊಡಬೇಕು, ಪದವಿ ಮುಗಿದು ಮೂರು ವರ್ಷವಾಗಿರಬೇಕು. ಪದವಿ ಪತ್ರ ಪೆಟ್ಟಿಗೆಯಲ್ಲಿದ್ದರೆ ಸಾಲದು.

ಕಾರಣ ಪರಿಷತ್ತಿನ ರಚನೆಯಲ್ಲಿದೆ. ವಿಧಾನಸಭೆಗೆ ಊರಿನವರೆಲ್ಲ ಮತ ಹಾಕುತ್ತಾರೆ. ಪರಿಷತ್ತಿನ 75 ಸ್ಥಾನಗಳಿಗೆ ಬಾಗಿಲುಗಳೇ ಬೇರೆಬೇರೆ. 25 ಮಂದಿಯನ್ನು ಶಾಸಕರು, 25 ಮಂದಿಯನ್ನು ಗ್ರಾಮ ಪಂಚಾಯಿತಿಯೂ ಸೇರಿದಂತೆ ಸ್ಥಳೀಯ ಸಂಸ್ಥೆಗಳ ಸದಸ್ಯರು, ತಲಾ ಏಳು ಮಂದಿಯನ್ನು ಪದವೀಧರರು ಮತ್ತು ಶಿಕ್ಷಕರು ಆರಿಸುತ್ತಾರೆ. ಉಳಿದ 11 ಮಂದಿ ನಾಮನಿರ್ದೇಶಿತರು.

ನಮ್ಮ ಶಿವಮೊಗ್ಗ ಇರುವುದು ನೈಋತ್ಯ ಪದವೀಧರರ ಕ್ಷೇತ್ರದಲ್ಲಿ. ಮಡಿಕೇರಿ, ಮಂಗಳೂರಿನವರೂ ಅದರಲ್ಲೇ ಇದ್ದಾರೆ. ಮತಪತ್ರ ಕಾಗದದ್ದು. ಮತಗಟ್ಟೆಯಲ್ಲೇ ಕೊಡುವ ನೇರಳೆ ಶಾಯಿಯ ಪೆನ್ನಿನಿಂದ, ಮೆಚ್ಚಿದ ಕ್ರಮದಲ್ಲಿ 1, 2, 3 ಎಂದು ಬರೆಯಬೇಕು. ಮುಂದಿನ ಸಲ ದಯವಿಟ್ಟು ಮೊದಲೇ ಅರ್ಜಿ ಕೊಡಿ.