ವಿಮ್‌ನಲ್ಲಿ ಒಂದೇ ಪದ, ಕೆಲವು ಕಡೆ ಮಾತ್ರ ಬದಲಿಸೋದು

ವಿಮ್ ಅನ್ನೋ ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದ ನಿಮ್ಮ ಫೈಲ್‌ನಲ್ಲಿ ನಲವತ್ತು ಕಡೆ 'ಟೋಟಲ್' ಇದೆ, ಅದರಲ್ಲಿ ಹತ್ತು ಹನ್ನೆರಡನ್ನು ಮಾತ್ರ 'ಬಿಲ್‌ಟೋಟಲ್' ಮಾಡಬೇಕು, ಪ್ರತಿ ಸಲ ಟೈಪ್ ಮಾಡಿ ಸಾಕಾಗಿದೆ ಅಂದಿದ್ದೀರಿ. ಇದಕ್ಕೆ ಮ್ಯಾಕ್ರೋ ಬೇಡ, ಪ್ಲಗಿನ್ನೂ ಬೇಡ.

ಕರ್ಸರನ್ನು ಆ ಪದದ ಮೇಲಿಟ್ಟು ನಕ್ಷತ್ರದ ಕೀ ಒತ್ತಿ. ಇಡೀ ಪದವನ್ನೇ ಹುಡುಕುತ್ತೆ, ಹಾಗಾಗಿ 'ಸಬ್‌ಟೋಟಲ್' ನಡುವೆ ಬರಲ್ಲ. ಕರ್ಸರ್ ಮುಂದಿನ 'ಟೋಟಲ್'ಗೆ ಹಾರಿರುತ್ತೆ, ದೊಡ್ಡ ಎನ್ ಒತ್ತಿದರೆ ವಾಪಸ್. ಈಗ ಚಿಕ್ಕ ಅಕ್ಷರದ ಸಿ, ಜಿ, ಎನ್ ಮೂರನ್ನೂ ಸಾಲಾಗಿ ಒತ್ತಿ (ಸಿ ಅಂದರೆ ಬದಲಿಸು, ಜಿಎನ್ ಅಂದರೆ ಹುಡುಕಿ ಸಿಕ್ಕ ಪದ), ಹೊಸ ಪದ ಬರೆದು ಎಸ್ಕೇಪ್. ಅಷ್ಟೇ! ಆಮೇಲೆ ಚಿಕ್ಕ ಎನ್ ಒತ್ತುತ್ತಾ ಹೋಗಿ, ಬದಲಿಸಬೇಕಾದ ಕಡೆ ಚುಕ್ಕಿ (ಕೊನೆಯ ಬದಲಾವಣೆಯನ್ನು ಮತ್ತೆ ಮಾಡೋ ಕೀ) ಒತ್ತಿ, ಬೇಡದ ಕಡೆ ಸುಮ್ನೆ ಮತ್ತೆ ಎನ್.

ಒಂದು ಮಾತ್ರ ನೆನಪಿಡಿ. ಹೊಸ ಪದ ಬರೆಯುವಾಗ ಬಾಣದ ಕೀ ಮುಟ್ಟಬೇಡಿ, ಮುಟ್ಟಿದರೆ ಚುಕ್ಕಿ ಅದರ ನಂತರ ಬರೆದದ್ದನ್ನಷ್ಟೇ ಮತ್ತೆ ಮಾಡುತ್ತೆ, ಜಾಸ್ತಿ ಜನ ಎಡವೋದು ಇಲ್ಲೇ. ತಪ್ಪಾದರೆ ಬ್ಯಾಕ್‌ಸ್ಪೇಸ್ ಒತ್ತಿ ಸರಿ ಮಾಡ್ಕೊಳ್ಳಿ.

ಈ ಜಿಎನ್ ವಿಮ್‌ನ 2013ರ 7.4 ಆವೃತ್ತಿಯಿಂದ ಇದೆ, ನಿಮ್ಮ ಸರ್ವರ್‌ನಲ್ಲಿ ಅದಕ್ಕಿಂತ ಹಳೇದಿದ್ದರೆ ಹೇಳಿ, ಬೇರೆ ದಾರಿ ಬರೀತೀನಿ.